ಚೀನಿ ಓದುವಾಗ ಕಣ್ಣು ಏನು ಮಾಡುತ್ತದೆ, ಮಿದುಳು ಏನು ಮಾಡುತ್ತದೆ?

ಗೆರೆಬರಹ
ಚೀನಿ ಲಿಪಿ ಅಂದರೆ ಚಿತ್ರಗಳ ಸಾಲು, ಅದನ್ನು ಓದುವವರು ಮಿದುಳಿನ ಬಲಭಾಗದಿಂದ ಓದುತ್ತಾರೆ, ಉಚ್ಚಾರಣೆಯ ಹಂಗೇ ಇಲ್ಲದೆ ನೇರ ಅರ್ಥಕ್ಕೆ ಹೋಗುತ್ತಾರೆ ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಬೆನ್ನಿಗೇ "ಮಕ್ಕಳಿಗೆ ಬಲ ಮಿದುಳಿನ ತರಬೇತಿ ಕೊಡಿಸಿ" ಅಂತ ಸಲಹೆ ಬೇರೆ. ಇದರಲ್ಲಿ ಹುರುಳೆಷ್ಟು? ಪದಗಳ ನಡುವೆ ಜಾಗವೇ ಬಿಡದ ಆ ಸಾಲಿನಲ್ಲಿ ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ದೂರ ಜಿಗಿಯುತ್ತದೆ? ಕನ್ನಡವನ್ನೋ ಇಂಗ್ಲಿಷನ್ನೋ ಓದುವ ಮಿದುಳಿಗಿಂತ ಅದು ಬೇರೆಯೇ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ. "ಎಲ್ಲೋ ಓದಿದ್ದೆ" ಎನ್ನುವ ಮಾತು ಬೇಡ.

ನೇತ್ರದೀಪ
ಮೊದಲು ಕಣ್ಣಿನ ವಿಚಾರ. ಯಾವ ಲಿಪಿಯನ್ನೇ ಓದಿ, ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡು ನಿಲ್ಲುತ್ತದೆ, 20–40 ಮಿಲಿಸೆಕೆಂಡಿನಲ್ಲಿ ಮುಂದಿನ ಜಾಗಕ್ಕೆ ಹಾರುತ್ತದೆ. ಹಾರುವಾಗ ಹೊಸದೇನೂ ದಕ್ಕುವುದಿಲ್ಲ, ನಿಂತಾಗ ಕಂಡದ್ದಷ್ಟೇ ಲೆಕ್ಕ. ಈ ವಿಷಯದಲ್ಲಿ ಚೀನಿಗೂ ಇಂಗ್ಲಿಷಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಜಿಗಿತದ ಉದ್ದದಲ್ಲಿ. ಇಂಗ್ಲಿಷಿನಲ್ಲಿ ಒಂದು ಜಿಗಿತ 7–9 ಅಕ್ಷರ. ಚೀನಿಯಲ್ಲಿ 2–3 ಅಕ್ಷರ ಮಾತ್ರ.

ಅಕ್ಷರ ಎಷ್ಟು ಚೊಕ್ಕವಾಗಿ ಕಾಣುತ್ತದೆ ಎನ್ನುವುದಕ್ಕೂ ಲೆಕ್ಕವಿದೆ. ರೆಟಿನಾದ ನಟ್ಟನಡುವಿನ ಫೋವಿಯಾ ಹಿಡಿಯುವುದು ಸುಮಾರು 2 ಡಿಗ್ರಿಯಷ್ಟು ಜಾಗ. ಕೈ ಪೂರ್ತಿ ಚಾಚಿ ಹೆಬ್ಬೆರಳು ನೋಡಿ, ಅದರ ಅಗಲ ಹೆಚ್ಚುಕಡಿಮೆ ಅಷ್ಟು. ಚೀನಾದ ಪುಸ್ತಕಗಳಲ್ಲಿ ಮಾಮೂಲಿಯಾಗಿ ಬಳಸುವ ಅಚ್ಚು 10.5 ಪಾಯಿಂಟಿನದು, ಅಂದರೆ ಒಂದು ಅಕ್ಷರ 3.7 ಮಿಲಿಮೀಟರು ಅಗಲ. ಪುಸ್ತಕವನ್ನು 35 ಸೆಂಟಿಮೀಟರು ದೂರ ಹಿಡಿದರೆ ಅದು ಸುಮಾರು 0.6 ಡಿಗ್ರಿ. ಹಾಗಾಗಿ ಒಂದು ನಿಲುಗಡೆಯಲ್ಲಿ ಮೂರು ಅಕ್ಷರ ಚೊಕ್ಕ, ಆಚೀಚಿನವು ಮಸುಕು.

ಪೇಡಾನಗರ
ಅಲ್ರೀ, ಒಂಬತ್ತ ಅಕ್ಷರ ಜಿಗಿಯೂ ಕಡೆ ಬರೇ ಎರಡ-ಮೂರ ಜಿಗಿದ್ರ ಓದು ನಿಧಾನ ಆಗಂಗಿಲ್ಲೇನು?

ನೇತ್ರದೀಪ
ಆಗಲ್ಲ ಸರ್. ಚೀನಿಯ ಒಂದೊಂದು ಅಕ್ಷರಕ್ಕೂ ತನ್ನದೇ ಅರ್ಥವಿದೆ, ಬಹಳಷ್ಟು ಪದಗಳು ಎರಡೇ ಅಕ್ಷರದವು. ಎರಡು-ಮೂರು ಅಕ್ಷರ ದಾಟಿದರೆ ಒಂದು, ಒಂದೂವರೆ ಪದ ದಾಟಿದಂತೆ. ಇಂಗ್ಲಿಷಿನ 7–9 ಅಕ್ಷರವೂ, ನಡುವಿನ ಖಾಲಿ ಜಾಗ ಸೇರಿಸಿಕೊಂಡರೆ, ಒಂದೂವರೆ ಪದವೇ. ಪದಗಳ ಲೆಕ್ಕದಲ್ಲಿ ಎರಡೂ ಓದಿನ ವೇಗ ಹತ್ತಿರ ಹತ್ತಿರ ಸಮ. ಅಲ್ಲಿ ಹಿಂಜಿದ ಹತ್ತಿ, ಇಲ್ಲಿ ಒತ್ತಿ ಕಟ್ಟಿದ ಅಂಡಿಗೆ, ತೂಕ ಒಂದೇ.

ಕಿಟಕಿಗಣ್ಣು
ಇದನ್ನು ಅಳೆದ ಬಗೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅಂಕಿಗಳು ಗಾಳಿಯಲ್ಲಿ ತೇಲುತ್ತವೆ. 1975ರಲ್ಲಿ ಮೆಕಾಂಕಿ ಮತ್ತು ರೇನರ್ ಒಂದು ಉಪಾಯ ಮಾಡಿದರು. ಓದುಗ ಎಲ್ಲಿ ನೋಡುತ್ತಾನೋ ಅಲ್ಲಿ ಮಾತ್ರ ಸರಿಯಾದ ಅಕ್ಷರ, ಸುತ್ತ ಎಲ್ಲ ಕಡೆ ಅರ್ಥವಿಲ್ಲದ ಗುರುತು. ಕಣ್ಣು ಸರಿದ ಹಾಗೆ ಆ ಕಿಟಕಿಯೂ ಸರಿಯುತ್ತದೆ. ಕಿಟಕಿಯನ್ನು ಸ್ವಲ್ಪ ಸ್ವಲ್ಪವಾಗಿ ಹಿರಿದು ಮಾಡುತ್ತಾ ಹೋಗಿ, ಓದು ಎಲ್ಲಿ ಸಹಜ ವೇಗಕ್ಕೆ ಬರುತ್ತದೋ ಅದೇ ನಮ್ಮ ಗ್ರಹಿಕೆಯ ಹರವು.

ಇಂಗ್ಲಿಷಿನಲ್ಲಿ ಅದು ಎಡಕ್ಕೆ 3–4, ಬಲಕ್ಕೆ 14–15 ಅಕ್ಷರ. ಚೀನಿಯಲ್ಲಿ 1998ರಲ್ಲಿ ಇನ್‌ಹಾಫ್ ಮತ್ತು ಲಿಯು ಅಳೆದಾಗ ಸಿಕ್ಕಿದ್ದು ಎಡಕ್ಕೆ 1, ಬಲಕ್ಕೆ 3. ಬಲಕ್ಕೇ ವಾಲುವುದು ಕಣ್ಣಿನ ಗುಣ ಅಲ್ಲ, ಓದುವ ದಿಕ್ಕಿನ ಗುಣ. ಬಲದಿಂದ ಎಡಕ್ಕೆ ಸಾಗುವ ಹೀಬ್ರೂ ಓದುವಾಗ ಹರವು ಎಡಕ್ಕೆ ವಾಲುತ್ತದೆ. ಅದೇ ವ್ಯಕ್ತಿ ಇಂಗ್ಲಿಷ್ ಓದಲು ಕೂತರೆ ಬಲಕ್ಕೆ. ಅಂದರೆ ಕಿಟಕಿಯನ್ನು ತೆರೆಯುವುದು ಗಮನ, ಫೋವಿಯಾ ಒಂದೇ ಅಲ್ಲ.

ನೇತ್ರದೀಪ
ಒಪ್ಪಿದೆ. ಡಿಗ್ರಿ ಲೆಕ್ಕವನ್ನೇ ನೆಚ್ಚಿದರೆ ಮೋಸ ಹೋಗುತ್ತೇವೆ. ಇಂಗ್ಲಿಷಿನಲ್ಲಿ ಪುಸ್ತಕವನ್ನು ಹತ್ತಿರ ತಂದರೂ ದೂರ ಇಟ್ಟರೂ ಜಿಗಿತ ಡಿಗ್ರಿಯಲ್ಲಿ ಬದಲಾಗುತ್ತದೆಯೇ ಹೊರತು ಅಕ್ಷರಗಳ ಎಣಿಕೆಯಲ್ಲಿ ಹೆಚ್ಚು ಬದಲಾಗುವುದಿಲ್ಲ.

ಸಾಲುಗಂಬ
ಆ ಬಲಗಡೆಯ ಮೂರು ಅಕ್ಷರ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಸಮಯದ ಲೆಕ್ಕ ಹಾಕಿ ನೋಡಿ. ಕಣ್ಣು ನಿಲ್ಲುವುದು ಸುಮಾರು 250 ಮಿಲಿಸೆಕೆಂಡು. ಮುಂದಿನ ಜಿಗಿತಕ್ಕೆ ತಯಾರಾಗಲಿಕ್ಕೇ 125–150 ಬೇಕು. ಉಳಿದದ್ದು ನೂರು ಚಿಲ್ಲರೆ. ಅದರಲ್ಲೂ ರೆಟಿನಾದಿಂದ ಮಿದುಳಿನ ಹಿಂಬದಿಗೆ ಸುದ್ದಿ ಮುಟ್ಟಲು 50–60 ಹೋಯಿತು. ಅಕ್ಷರವನ್ನು ಪೂರ್ತಿ ಗುರುತಿಸಿ, ಆಮೇಲೆ "ಸರಿ, ಮುಂದೆ ಹೋಗು" ಎನ್ನಲು ಪುರಸೊತ್ತೇ ಇಲ್ಲ! ಹಾಗಾಗಿ ಕಣ್ಣು ಹಿಂದಿನ ನಿಲುಗಡೆಯಲ್ಲಿದ್ದಾಗಲೇ ಮುಂದಿನ ಪದವನ್ನು ಮಸುಕಾಗಿ ಅರೆದು ಇಟ್ಟುಕೊಂಡಿರುತ್ತದೆ.

ಇದನ್ನು ತೋರಿಸುವುದು ಗಡಿಗೆರೆಯ ಪ್ರಯೋಗ. ಸಾಲಿನಲ್ಲಿ ಒಂದು ಕಾಣದ ಗೆರೆ, ಅದರಾಚೆ ಬೇರೊಂದು ಪದ. ಕಣ್ಣು ಗೆರೆ ದಾಟುವ ಆ ಕ್ಷಣದಲ್ಲೇ ಪದ ಬದಲಾಗುತ್ತದೆ. ಓದುಗನಿಗೆ ಬದಲಾದದ್ದು ಸಾಮಾನ್ಯವಾಗಿ ಗೊತ್ತೂ ಆಗುವುದಿಲ್ಲ, ಆದರೆ ಮುನ್ನೋಟದಲ್ಲಿ ಕಂಡದ್ದು ಸರಿಯಾಗಿದ್ದರೆ ಓದು ಬೇಗ, ತಪ್ಪಾಗಿದ್ದರೆ ತಡ. ಇಂಗ್ಲಿಷಿನಲ್ಲಿ ಈ ಮುನ್ನೋಟದಿಂದ ಅರ್ಥ ದಕ್ಕುತ್ತದೆ ಎಂದು ತೋರಿಸಲು ಸಂಶೋಧಕರು ತುಂಬಾ ಹೆಣಗಿದ್ದಾರೆ. ಚೀನಿಯಲ್ಲಿ 2009ರಲ್ಲೇ ಯಾನ್ ಮತ್ತು ಸಂಗಡಿಗರು ತೋರಿಸಿದರು. ಅಕ್ಷರ ಒತ್ತಾಗಿ ಇರುವುದರಿಂದ ಮುಂದಿನ ಪದ ಫೋವಿಯಾದ ಹತ್ತಿರವೇ ಇರುತ್ತದೆ. ಜೊತೆಗೆ ಅಕ್ಷರದ ಒಂದು ಭಾಗವೇ ಅರ್ಥದ ಸುಳಿವು ಕೊಡುತ್ತದೆ.

ಕಡಲಹಕ್ಕಿ
ಅದೆಲ್ಲ ಸರಿ ಮಾರಾಯ್ರೇ, ಪದ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಸ್ಪೇಸೇ ಇಲ್ಲವಲ್ಲ!

ಪೀಕಿಂಗ್‌ಮಲ್ಲಿಗೆ
ಚೀನಿ ಓದಿನ ನಿಜವಾದ ಗಂಟು ಇದೇ. ಚಿತ್ರ-ಗಿತ್ರದ ಮಾತೆಲ್ಲ ಇದರ ಮುಂದೆ ಚಿಕ್ಕದು.

ಮೊದಲು ಕನ್ನಡದಲ್ಲೇ ನೋಡಿ: "ಅಲ್ಲಿಗೆಳೆಯರುಬಂದರು". ಅಲ್ಲಿ ಗೆಳೆಯರು ಬಂದರೋ? ಅಲ್ಲಿಗೆ ಎಳೆಯರು ಬಂದರೋ? ಎರಡೂ ಆಗುತ್ತದೆ. ಹಿಂದು ಮುಂದು ನೋಡಿಯೇ ಬಿಡಿಸಬೇಕು.

ಚೀನಿಯಲ್ಲಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆರು ಅಕ್ಷರದ್ದು: ಯೆನ್, ಜಿಯೊ, ಷಂಗ್, ಮಿಂಗ್, ಛಿ, ಯುವೆನ್. ಮೊದಲ ಎರಡು ಸೇರಿದರೆ "ಸಂಶೋಧಿಸು". ಮೊದಲ ಮೂರು ಸೇರಿದರೆ "ಸ್ನಾತಕೋತ್ತರ ವಿದ್ಯಾರ್ಥಿ". ಮೂರನೆಯದೂ ನಾಲ್ಕನೆಯದೂ ಸೇರಿದರೆ "ಜೀವ". ಕೊನೆಯ ಎರಡು "ಮೂಲ". ಈಗ ಮೂರನೆಯ ಅಕ್ಷರ ಷಂಗ್ ಯಾರ ಪಾಲು? ಅದನ್ನು ಹಿಂದಿನದಕ್ಕೆ ಕೊಟ್ಟರೆ ವಿದ್ಯಾರ್ಥಿ ಸಿಗುತ್ತಾನೆ, ಆದರೆ "ಆಯಸ್ಸು, ಹಣೆಬರಹ" ಎಂಬ ಅರ್ಥದ ಮಿಂಗ್ ಒಂಟಿಯಾಗಿ ವಾಕ್ಯ ಮುರಿಯುತ್ತದೆ. ಮುಂದಿನದಕ್ಕೆ ಕೊಟ್ಟರೆ "ಜೀವದ ಮೂಲವನ್ನು ಸಂಶೋಧಿಸು" ಎಂದು ನೆಟ್ಟಗೆ ಕೂರುತ್ತದೆ.

ಮಿದುಳು ಇದನ್ನು ಮೊದಲು ಕತ್ತರಿಸಿ ಆಮೇಲೆ ಗುರುತಿಸುವುದಿಲ್ಲ. ಕಣ್ಣಿನ ಹರವಿನಲ್ಲಿರುವ ಅಕ್ಷರಗಳೆಲ್ಲ ಒಟ್ಟಿಗೇ ಎಚ್ಚರಗೊಳ್ಳುತ್ತವೆ, ಅವು ಸೇರಿ ಆಗಬಹುದಾದ ಪದಗಳೆಲ್ಲ ಪೈಪೋಟಿಗೆ ಇಳಿಯುತ್ತವೆ. ಗೆದ್ದ ಪದ ಯಾವುದೋ ಅದರ ಗಡಿಯೇ ಪದದ ಗಡಿ. ಗುರುತಿಸುವುದೂ ಕತ್ತರಿಸುವುದೂ ಒಂದೇ ಕೆಲಸ. ಲಿ ಮತ್ತು ಪೊಲಾಟ್ಸೆಕ್ 2020ರಲ್ಲಿ ಕಟ್ಟಿದ ಚೀನಿ ಓದಿನ ಕಂಪ್ಯೂಟರ್ ಮಾದರಿ ನಿಂತಿರುವುದು ಈ ತಳಹದಿಯ ಮೇಲೆಯೇ.

ಪೇಡಾನಗರ
ಹಂಗಾದ್ರ ನಡಕ್ಕ ಜಾಗಾ ಬಿಟ್ಟು ಅಚ್ಚ ಮಾಡಿದ್ರ ಚೀನಾ ಮಂದಿಗೆ ಓದೋದು ಸಲೀಸ ಆಗಬೇಕಲ್ರೀ?

ಪೀಕಿಂಗ್‌ಮಲ್ಲಿಗೆ
ಆಗಲಿಲ್ಲ. 2008ರಲ್ಲಿ ಬಾಯ್, ಲಿವರ್ಸೆಜ್, ರೇನರ್ ಮುಂತಾದವರು ನಾಲ್ಕು ಬಗೆಯ ವಾಕ್ಯ ಓದಿಸಿದರು. ಮಾಮೂಲಿಯಾದದ್ದು ಒಂದು, ಪದಪದಕ್ಕೂ ಜಾಗ ಬಿಟ್ಟದ್ದು ಒಂದು, ಅಕ್ಷರ ಅಕ್ಷರಕ್ಕೂ ಬಿಟ್ಟದ್ದು ಒಂದು, ಪದವನ್ನು ಒಡೆದು ತಪ್ಪು ಜಾಗದಲ್ಲಿ ಬಿಟ್ಟದ್ದು ಒಂದು. ಕೊನೆಯ ಎರಡರಲ್ಲಿ ಓದು ಕುಂಟಿತು. ಮೊದಲ ಎರಡೂ ಸಮ. ಚೀನೀಯರು ಜೀವಮಾನವಿಡೀ ಜಾಗವಿಲ್ಲದ್ದನ್ನೇ ಓದಿದವರು, ಪದಗಳ ನಡುವೆ ಜಾಗ ಅವರಿಗೆ ಅಪರಿಚಿತ. ಆದರೂ ಓದು ಕೆಡಲಿಲ್ಲ. ಅಂದರೆ ಅವರಿಗೂ ಪದವೇ ಮುಖ್ಯ ಘಟಕ, ಅಕ್ಷರ ಅಲ್ಲ.

ಹೊಸದಾಗಿ ಕಲಿಯುವ ವಿದೇಶಿಯರಿಗೆ ಮಾತ್ರ ಪದಗಳ ನಡುವಿನ ಜಾಗದಿಂದ ಲಾಭ ಇದ್ದೇ ಇದೆ. ಇಂಗ್ಲಿಷ್, ಕೊರಿಯನ್, ಜಪಾನಿ, ಥಾಯ್ ಮಾತೃಭಾಷೆಯ ಕಲಿಕೆದಾರರೆಲ್ಲರಲ್ಲೂ ಅದು ಕಂಡಿದೆ.

ಶಾಸನಪ್ರಿಯ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಜಾಗ ಬಿಡದೆ ಬರೆಯುವುದು ಚೀನಿಯ ಸೊತ್ತಲ್ಲ. ನಮ್ಮ ಹಲ್ಮಿಡಿ ಶಾಸನದಲ್ಲೂ ಪದಗಳ ನಡುವೆ ಜಾಗವಿಲ್ಲ, ಹಳೆಯ ತಾಳೆಗರಿಗಳಲ್ಲೂ ಅಷ್ಟೇ. ಆದರೆ ಕನ್ನಡದ ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಕೊನೆ ಪದದ ಗಡಿಯನ್ನು ಸ್ವಲ್ಪವಾದರೂ ತೋರಿಸಿಕೊಡುತ್ತವೆ. ಚೀನಿಯಲ್ಲಿ ಆ ಥರದ ಪ್ರತ್ಯಯಗಳು ಬಹಳ ಕಡಿಮೆ ಅಲ್ಲವೇ?

ಪೀಕಿಂಗ್‌ಮಲ್ಲಿಗೆ
ಕಡಿಮೆ, ಆದರೆ ಕೆಲವಿವೆ. "ದ" ಎನ್ನುವ ಅಕ್ಷರ ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ: ವೊ ಅಂದರೆ ನಾನು, ವೊ-ದ ಅಂದರೆ ನನ್ನ. ಚೀನಿ ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಅಕ್ಷರ ಅದೇ. ಕಣ್ಣು ಅದರ ಮೇಲೆ ನಿಲ್ಲದೆ ಹಾರಿ ಹೋಗುವುದೇ ಹೆಚ್ಚು, ಪಕ್ಕದಿಂದಲೇ ಕಂಡು ಮುಗಿದಿರುತ್ತದೆ.

ಮೂಲಚಿತ್ರ
ಏನೇ ಹೇಳಿ, ಬೆಟ್ಟದ ಅಕ್ಷರ ಬೆಟ್ಟದ ಹಾಗಿದೆ, ಮರದ ಅಕ್ಷರ ಮರದ ಹಾಗಿದೆ. ಅರ್ಥಕ್ಕೆ ಧ್ವನಿಯ ದಾರಿ ಬೇಕಾಗಿಲ್ಲ ಅನ್ನುವುದರಲ್ಲಿ ತಪ್ಪೇನು? ಕ್ಯಾಂಟನೀಸ್ ಆಡುವವರೂ ಮ್ಯಾಂಡರಿನ್ ಆಡುವವರೂ ಬೇರೆ ಬೇರೆಯಾಗಿ ಉಚ್ಚರಿಸಿ ಒಂದೇ ಬರಹ ಓದುತ್ತಾರಲ್ಲ.

ಗೆರೆಬರಹ
ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ದಯವಿಟ್ಟು ಯಾರಾದರೂ ವಿವರವಾಗಿ ಹೇಳಿ.

ಪೀಕಿಂಗ್‌ಮಲ್ಲಿಗೆ
ಬೆಟ್ಟ, ಮರ, ಸೂರ್ಯ, ಬಾಯಿ, ಇಂಥವು ಬೆರಳೆಣಿಕೆಯವು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳು ಜೋಡಕ್ಷರಗಳು: ಒಂದು ಬದಿ ಅರ್ಥದ ಸುಳಿವು, ಇನ್ನೊಂದು ಬದಿ ಉಚ್ಚಾರಣೆಯ ಸುಳಿವು. ಅರ್ಥದ ಭಾಗ ಸಾಮಾನ್ಯವಾಗಿ ಎಡಕ್ಕೆ, ಧ್ವನಿಯ ಭಾಗ ಬಲಕ್ಕೆ.

ಛಿಂಗ್ ಎಂಬ ಒಂದು ಭಾಗವನ್ನು ಹಿಡಿದು ನೋಡಿ. ಎಡಕ್ಕೆ ಮೂರು ನೀರಹನಿ ಇಟ್ಟರೆ "ತಿಳಿಯಾದ", ಉಚ್ಚಾರಣೆ ಛಿಂಗ್. ಮಾತಿನ ಗುರುತು ಇಟ್ಟರೆ "ದಯವಿಟ್ಟು", ಛಿಂಗ್. ಹೃದಯದ ಗುರುತಿಗೆ "ಭಾವನೆ", ಛಿಂಗ್. ಸೂರ್ಯ ಇಟ್ಟರೆ "ಮೋಡವಿಲ್ಲದ", ಅದೂ ಛಿಂಗ್. ಸ್ವರದ ಏರಿಳಿತ ಮಾತ್ರ ಬೇರೆ. ಕಣ್ಣಿನ ಗುರುತು ಇಟ್ಟರೆ "ಕಣ್ಣುಗುಡ್ಡೆ", ಉಚ್ಚಾರಣೆ ಜಿಂಗ್, ಸ್ವಲ್ಪ ಜಾರಿತು. ನಾಯಿಯ ಗುರುತು ಇಟ್ಟರೆ "ಊಹಿಸು", ಉಚ್ಚಾರಣೆ ತ್ಸಾಯ್, ಪೂರ್ತಿ ಕೈಕೊಟ್ಟಿತು. ಸುಳಿವು ಪಕ್ಕಾ ಇಲ್ಲ, ಹಾಗಂತ ಸುಳ್ಳೂ ಅಲ್ಲ. ಗೊತ್ತಿಲ್ಲದ ಅಕ್ಷರ ಎದುರಾದರೆ ಚೀನೀಯರು ಮೊದಲು ನೋಡುವುದು ಈ ಧ್ವನಿಯ ಭಾಗವನ್ನೇ.

ಮಿದುಳುಮನೆ
ಪ್ರಯೋಗದ ಪುರಾವೆಯನ್ನೂ ಸೇರಿಸುತ್ತೇನೆ. ಸ್ಟ್ರೂಪ್ ಪರೀಕ್ಷೆ ಗೊತ್ತಲ್ಲ: "ಕೆಂಪು" ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು, "ಶಾಯಿಯ ಬಣ್ಣ ಹೇಳಿ" ಅಂದರೆ ತಡವರಿಸುತ್ತೇವೆ. ಚೀನಿಯಲ್ಲಿ ಕೆಂಪು ಅಂದರೆ ಹೊಂಗ್. ಪ್ರವಾಹ ಎಂಬ ಅರ್ಥದ ಅಕ್ಷರವೂ ಹೊಂಗ್, ಸ್ವರವೂ ಅದೇ. ನೋಡಲು ಬೇರೆ, ಅರ್ಥ ಬೇರೆ, ಬಣ್ಣದ ಸಂಬಂಧವೇ ಇಲ್ಲ. ಆ ಪ್ರವಾಹದ ಅಕ್ಷರವನ್ನು ಹಸಿರಿನಲ್ಲಿ ಬರೆದರೂ ಓದುಗ ತಡವರಿಸುತ್ತಾನೆ (ಸ್ಪಿಂಕ್ಸ್, ಪರ್ಫೆಟಿ, ತಾನ್ ಮೊದಲಾದವರು, 2000). ಓದಲೇಬೇಡಿ ಅಂದಾಗಲೂ ಉಚ್ಚಾರಣೆ ಒಳಗೆ ಮೊಳಗುತ್ತದೆ. ಧ್ವನಿಯ ದಾರಿ ಬೇಕಾಗಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕ್ಯಾಂಟನೀಸ್ ಓದುಗನ ಒಳಗೆ ಕ್ಯಾಂಟನೀಸ್ ಉಚ್ಚಾರಣೆ ಮೊಳಗುತ್ತದೆ, ಅಷ್ಟೇ ವ್ಯತ್ಯಾಸ.

ಮೂಲಚಿತ್ರ
ಸರಿ, ಧ್ವನಿಯ ವಿಷಯ ಒಪ್ಪಿದೆ. ಬಲ ಮಿದುಳಿನ ಮಾತು? ಅದು ಎಲ್ಲಿಂದಾದರೂ ಹುಟ್ಟಿರಲೇಬೇಕಲ್ಲ.

ಮಿದುಳುಮನೆ
ಹುಟ್ಟಿದ ಜಾಗವೂ ಇದೆ. ನೋಟದ ಎಡಭಾಗದಲ್ಲಿ ಬಿದ್ದದ್ದು ಮೊದಲು ಬಲ ಮಿದುಳಿಗೆ ಹೋಗುತ್ತದೆ, ಬಲಭಾಗದ್ದು ಎಡ ಮಿದುಳಿಗೆ. 1979ರಲ್ಲಿ ತ್ಸೆಂಗ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದದ್ದು ಹೀಗೆ: ಕ್ಷಣಮಾತ್ರ ಮಿಂಚಿಸಿದ ಒಂಟಿ ಚೀನಿ ಅಕ್ಷರವನ್ನು ಎಡನೋಟದಲ್ಲಿ, ಅಂದರೆ ಬಲ ಮಿದುಳಿಗೆ ತೋರಿಸಿದಾಗ ಚೆನ್ನಾಗಿ ಗುರುತಿಸುತ್ತಾರೆ. ಜನ ಅಷ್ಟಕ್ಕೇ ಪುಟ ಮುಚ್ಚಿದರು. ಅದೇ ಲೇಖನದ ಇನ್ನರ್ಧ ಏನೆಂದರೆ, ಎರಡು ಅಕ್ಷರದ ಪದ ತೋರಿಸಿದ ಕೂಡಲೇ ಮೇಲುಗೈ ಎಡ ಮಿದುಳಿಗೆ ತಿರುಗಿತು. ನಿಜವಾದ ಓದಿನಲ್ಲಿ ಬರುವುದು ಪದಗಳೇ ತಾನೇ?

ಎಂಆರ್‌ಐ ಸ್ಕ್ಯಾನಿನಲ್ಲಿ ಕಾಣುವುದೂ ಇದಕ್ಕೆ ಹೊಂದುತ್ತದೆ. ಎಡಗಿವಿಯ ಹಿಂದೆ, ಮಿದುಳಿನ ತಳಭಾಗದಲ್ಲಿ, ಓದು ಕಲಿತವರೆಲ್ಲರಿಗೂ ಪದರೂಪ ಗುರುತಿಸುವ ಒಂದು ಪಟ್ಟೆ ಇರುತ್ತದೆ. ಕೋಯೆನ್ ಮತ್ತು ದೆಹೆನ್ 2000ದಲ್ಲಿ ಅದಕ್ಕೆ ಹೆಸರಿಟ್ಟರು. ಚೀನಿ ಓದುಗರಿಗೂ ಅದೇ ಜಾಗ. ಲಿಪಿ ಹುಟ್ಟಿ ಐದು ಸಾವಿರ ವರ್ಷವಾಯಿತಷ್ಟೆ, ಓದಲಿಕ್ಕೆಂದೇ ಮಿದುಳು ಬೆಳೆಯಲು ಆ ಅವಧಿ ಏನೇನೂ ಸಾಲದು. ವಸ್ತುಗಳನ್ನು ಗುರುತಿಸಲು ಇದ್ದ ಜಾಗವನ್ನೇ ಓದು ಬಾಡಿಗೆಗೆ ಹಿಡಿದಿದೆ.

ಚೀನಿಯಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು, ಅದೇ ಪಟ್ಟೆಯ ಬಲಬದಿಯ ಜೋಡಿಯೂ ಸ್ವಲ್ಪ ಜಾಸ್ತಿ ದುಡಿಯುತ್ತದೆ, ಚೌಕದೊಳಗೆ ಗೆರೆಗಳ ಜೋಡಣೆ ನೋಡಬೇಕಲ್ಲ. ಎರಡು, ಎಡ ಹಣೆಯ ಹಿಂದಿನ ನಡು ಮಡಿಕೆ ಜೋರಾಗಿ ಉರಿಯುತ್ತದೆ. ಬಲದ್ದು ಸಹಾಯಕ್ಕೆ ಬರುತ್ತದೆ, ಎಡದ್ದು ಯಜಮಾನಿಕೆ ಬಿಟ್ಟುಕೊಡುವುದಿಲ್ಲ.

ಕಡಲಹಕ್ಕಿ
ಆ ನಡು ಮಡಿಕೆಗೆ ಅಲ್ಲಿ ಏನು ಕೆಲಸ ಮಾರಾಯ್ರೇ?

ಮಿದುಳುಮನೆ
ಪಂಡಿತರು ಇನ್ನೂ ಜಗಳಾಡುವ ಜಾಗ ಅದು. ಹೊಂದುವ ವಿವರಣೆಗಳು ಎರಡು. ಗೆರೆಗಳ ಜೋಡಣೆ, ಧ್ವನಿ, ಅರ್ಥ ಮೂರನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ಎನ್ನುವವರು ಕೆಲವರು. ಅದಕ್ಕೆ ಹೊಂದಿಕೊಂಡಂತೆ ಹಿಂದೆಯೇ ಇರುವುದು ಬರೆಯುವ ಕೈಯನ್ನು ನಡೆಸುವ ಎಕ್ಸ್‌ನರ್ ಪ್ರದೇಶ, ಆದ್ದರಿಂದ ಕೈಬರಹದ ನೆನಪೂ ಇದರಲ್ಲಿ ಸೇರಿದೆ ಎನ್ನುವವರು ಇನ್ನು ಕೆಲವರು. 2012ರಲ್ಲಿ ನಕಮುರಾ ಮತ್ತು ದೆಹೆನ್ ತಂಡ ಫ್ರೆಂಚ್, ಚೀನಿ ಓದುಗರನ್ನು ಹೋಲಿಸಿತು. ಆಕಾರ ನೋಡುವ ಜಾಲ, ಕೈಚಲನೆ ಊಹಿಸುವ ಜಾಲ, ಎರಡೂ ಎರಡೂ ಕಡೆಯವರಲ್ಲಿ ಇದ್ದವು. ಚೀನಿಯವರಲ್ಲಿ ಕೈಯ ಪಾಲು ಹೆಚ್ಚು.

ಸಾಲುಗಂಬ
ಕೈಯ ವಿಷಯಕ್ಕೆ ಬಂದಿರಿ, ಒಳ್ಳೆಯದಾಯಿತು. ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ಅಕ್ಷರ ನೆನಪಿಸಿಕೊಳ್ಳುವುದು ಚೀನೀಯರಿಗೆ ರೂಢಿ. ಗೆರೆಗಳ ಕ್ರಮ ಇಟ್ಟೇ ಕಲಿಸುತ್ತಾರೆ: ಅಡ್ಡಗೆರೆ ಮೊದಲು, ಉದ್ದಗೆರೆ ಆಮೇಲೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡ ಮೊದಲು, ಬಲ ಆಮೇಲೆ. ಸುತ್ತುಗಟ್ಟಿನ ಒಳಗಿನದನ್ನು ತುಂಬಿ, ಕೊನೆಗೆ ಬಾಗಿಲು ಮುಚ್ಚು.

ಈ ಕ್ರಮ ಕಣ್ಣಿಗೂ ತಿಳಿದಿರುತ್ತದೆ. 2012ರ ಒಂದು ಪ್ರಯೋಗದಲ್ಲಿ ಅಕ್ಷರಗಳಿಂದ ಗೆರೆಗಳನ್ನು ಅಳಿಸಿ ಓದಿಸಿದರು. 15% ಅಳಿಸಿದರೆ ಓದು ಕೆಡಲೇ ಇಲ್ಲ. 30%, 50% ಅಳಿಸಿದಾಗ ಕಷ್ಟವಾಯಿತು. ಮೊದಲು ಬರೆಯುವ ಗೆರೆ ಅಳಿಸಿದಾಗ ಆದ ತೊಂದರೆ, ಕೊನೆಯಲ್ಲಿ ಬರೆಯುವ ಗೆರೆ ಅಳಿಸಿದಾಗ ಆದದ್ದಕ್ಕಿಂತ ಹೆಚ್ಚು.

ಗೆರೆಬರಹ
ಈಗ ಎಲ್ಲರೂ ಮೊಬೈಲಿನಲ್ಲಿ ಪಿನ್‌ಯಿನ್ (ಚೀನಿ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಕ್ರಮ) ಒತ್ತಿ ಅಕ್ಷರ ಆರಿಸುತ್ತಾರಲ್ಲ, ಆಗ ಕೈಯ ನೆನಪು ಏನಾಗುತ್ತದೆ?

ಪೀಕಿಂಗ್‌ಮಲ್ಲಿಗೆ
ಅದಕ್ಕೆ ಚೀನಿಯಲ್ಲಿ ನಾಲ್ಕಕ್ಷರದ ಗಾದೆಯೇ ಇದೆ: ಥಿ ಬಿ ವಾಂಗ್ ತ್ಸ, "ಲೇಖನಿ ಎತ್ತಿದೆ, ಅಕ್ಷರ ಮರೆತೆ". ಓದಿದರೆ ತಟ್ಟನೆ ಗೊತ್ತು, ಬರೆಯಲು ಕೂತರೆ ಕೈ ಖಾಲಿ. ಸೀನು ಎಂಬ ಪದವನ್ನೂ ಮುಜುಗರ ಎಂಬ ಪದವನ್ನೂ ಇದಕ್ಕೆ ಹೆಚ್ಚಾಗಿ ಹೆಸರಿಸುತ್ತಾರೆ, ಎರಡೂ ಗೆರೆ ಕಿಕ್ಕಿರಿದ ಪದಗಳು. ಗುರುತಿಸಲು ಒಟ್ಟು ಆಕಾರ ಸಾಕು, ಬರೆಯಲು ಪ್ರತಿ ಗೆರೆಯೂ ಬೇಕು. ಮಕ್ಕಳ ಓದಿನ ಸಾಮರ್ಥ್ಯಕ್ಕೂ ಕೈಬರಹಕ್ಕೂ ಇರುವ ನಂಟನ್ನು ತಾನ್ ಲಿ ಹಾಯ್ ತಂಡ 2005ರಲ್ಲಿ ತೋರಿಸಿತು.

ಶಾಲೆಯ ಲೆಕ್ಕವೂ ಇದನ್ನೇ ಒಪ್ಪುತ್ತದೆ. ಚೀನಾದ 2011ರ ಪಠ್ಯಕ್ರಮದಂತೆ ಆರನೇ ತರಗತಿ ಮುಗಿಯುವಾಗ 3000 ಅಕ್ಷರ ಓದಲು, 2500 ಬರೆಯಲು ಬರಬೇಕು. ಓದುವ ಗುರಿ ದೊಡ್ಡದು, ಬರೆಯುವ ಗುರಿ ಚಿಕ್ಕದು.

ಪೇಡಾನಗರ
ಡಿಸ್ಲೆಕ್ಸಿಯಾ, ಅಂದ್ರ ಓದು ಕಲಿಯೂ ತೊಡಕು, ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲಲ್ಲ. ಚೀನೀ ಹುಡುಗರಿಗೆ ಅದು ಬರಂಗಿಲ್ಲ ಅಂತಾರ, ಖರೇ ಏನ್ರಿ?

ಮಿದುಳುಮನೆ
ಬರುತ್ತದೆ ಸರ್, ಅದು ಹಳೆಯ ತಪ್ಪು ನಂಬಿಕೆ. 2004ರಲ್ಲಿ ಸಿಯೊಕ್, ಪರ್ಫೆಟಿ, ತಾನ್ ಬೀಜಿಂಗಿನ ಮಕ್ಕಳನ್ನು ಸ್ಕ್ಯಾನ್ ಮಾಡಿ, ಓದಿನಲ್ಲಿ ಹಿಂದುಳಿದವರಲ್ಲಿ ಆ ನಡು ಮಡಿಕೆ ಮಂಕಾಗಿದೆ ಎಂದರು. ಇಂಗ್ಲಿಷ್ ಮಕ್ಕಳಲ್ಲಿ ಮಂಕಾಗುವುದಾಗಿ ಹೇಳುತ್ತಿದ್ದದ್ದು ಕಿವಿಯ ಮೇಲಿನ, ಹಿಂಬದಿಯ ಭಾಗ. ಹಾಗಾಗಿ ಎರಡೂ ಬೇರೆ ಬೇರೆ ತೊಂದರೆ ಎಂಬ ಮಾತು ಹಬ್ಬಿತು.

ಕಿಟಕಿಗಣ್ಣು
ಅಲ್ಲಿಗೇ ನಿಲ್ಲಿಸಬೇಡಿ. 2010ರಲ್ಲಿ ಹು ಮತ್ತು ಸಂಗಡಿಗರು ಚೀನಿ, ಇಂಗ್ಲಿಷ್ ಎರಡೂ ಕಡೆಯ ಮಕ್ಕಳಿಗೆ ಒಂದೇ ಬಗೆಯ ಅರ್ಥದ ಕೆಲಸ ಕೊಟ್ಟು ಹೋಲಿಸಿದಾಗ, ಡಿಸ್ಲೆಕ್ಸಿಯಾ ಇದ್ದವರಲ್ಲಿ ಎರಡೂ ಕಡೆ ಒಂದೇ ಎಡಭಾಗಗಳು ಮಂಕಾಗಿದ್ದವು. ಹಿಂದಿನ ವ್ಯತ್ಯಾಸದ ಒಂದಷ್ಟು ಪಾಲು, ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಕೆಲಸ ಕೊಟ್ಟದ್ದರಿಂದ ಬಂದದ್ದು.

ಮಿದುಳುಮನೆ
ಸರಿ, ಅದನ್ನು ನಾನೇ ಹೇಳಬೇಕಿತ್ತು. ಆದರೂ ಲಿಪಿಯ ಪಾತ್ರ ಸೊನ್ನೆಯಲ್ಲ. ಇಂಗ್ಲಿಷ್, ಜಪಾನಿ ಎರಡೂ ಬಲ್ಲ ಒಬ್ಬ ಹುಡುಗನಿಗೆ ಡಿಸ್ಲೆಕ್ಸಿಯಾ ಇಂಗ್ಲಿಷಿನಲ್ಲಿ ಮಾತ್ರ ಕಂಡದ್ದು 1999ರಲ್ಲಿ ದಾಖಲಾಗಿದೆ.

ಸಾಲುಗಂಬ
ಇಂಥ ಪ್ರಯೋಗ ಮಾಡಹೊರಟಿರುವ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ಕೆಲಸಕ್ಕೆ ಬರುವ ನಾಲ್ಕು ಮಾತು. ಪರದೆಯಿಂದ 57 ಸೆಂಟಿಮೀಟರು ದೂರ ಕೂರಿಸಿದರೆ ಪರದೆಯ ಮೇಲಿನ 1 ಸೆಂಟಿಮೀಟರು ಸರಿಯಾಗಿ 1 ಡಿಗ್ರಿ, ಲೆಕ್ಕ ಸುಲಭ. ಗದ್ದ ಊರಲು ಸ್ಟ್ಯಾಂಡ್ ಇರಲೇಬೇಕು. ಇನ್‌ಫ್ರಾರೆಡ್ ಕ್ಯಾಮೆರಾ ಸೆಕೆಂಡಿಗೆ 1000 ಸಲ ಪಾಪೆಯನ್ನೂ ಕಾರ್ನಿಯಾದ ಮೇಲಿನ ಹೊಳಪನ್ನೂ ಹಿಡಿಯುತ್ತದೆ. ದಪ್ಪ ಕಾಡಿಗೆ, ಮಸ್ಕಾರಾ, ಕನ್ನಡಕದ ಗಾಜಿನ ಹೊಳಪು, ಮೂರೂ ಇದನ್ನು ಕೆಡಿಸುತ್ತವೆ.

ಚೀನಿಯಲ್ಲಿ ಹೆಚ್ಚಿನ ಜಾಗ್ರತೆ ಬೇಕಾದದ್ದು ಕ್ಯಾಲಿಬ್ರೇಶನ್ನಿಗೆ, ಅಂದರೆ ಕಣ್ಣು ನೋಡುವ ಜಾಗವೂ ಕ್ಯಾಮೆರಾ ಹೇಳುವ ಜಾಗವೂ ತಾಳೆಯಾಗುವಂತೆ ಹೊಂದಿಸುವುದಕ್ಕೆ. ಅಕ್ಷರ 1 ಡಿಗ್ರಿ ಅಗಲ ಇಟ್ಟುಕೊಂಡಾಗ ಅರ್ಧ ಡಿಗ್ರಿ ತಪ್ಪಿದರೂ ನೋಟ ಪಕ್ಕದ ಅಕ್ಷರದ ಖಾತೆಗೆ ಜಮಾ ಆಗುತ್ತದೆ. ನಡುವೆ ಖಾಲಿ ಜಾಗವಿಲ್ಲದ್ದರಿಂದ ಪಕ್ಕದ ಅಕ್ಷರ ಅಂದರೆ ಎಷ್ಟೋ ಸಲ ಪಕ್ಕದ ಪದವೇ. ಪ್ರತಿ ವಾಕ್ಯಕ್ಕೂ ಮೊದಲು ಎಡತುದಿಯ ಚುಕ್ಕಿ ತೋರಿಸಿ ಸರಿಯಿದೆಯೇ ನೋಡಿ, ಅರ್ಧ ಡಿಗ್ರಿ ಮೀರಿದರೆ ಮತ್ತೆ ಮೊದಲಿನಿಂದ. ಪದ ಬದಲಾಯಿಸುವ ಪ್ರಯೋಗಕ್ಕೆ 60 ಹರ್ಟ್ಜ್ ಪರದೆ ಸಾಲದು. ಒಂದು ಚಿತ್ರ ಬದಲಾಗಲು ಅದಕ್ಕೆ ಸುಮಾರು 17 ಮಿಲಿಸೆಕೆಂಡು, ಅಷ್ಟರಲ್ಲಿ ಕಣ್ಣು ಇಳಿದುಬಿಟ್ಟಿರುತ್ತದೆ, ಓದುಗನಿಗೆ ಮಿಣುಕು ಕಾಣುತ್ತದೆ. 120 ಅಥವಾ ಅದಕ್ಕಿಂತ ಮೇಲಿನದು ಇರಲಿ. 80 ಮಿಲಿಸೆಕೆಂಡಿಗಿಂತ ಕಿರಿದಾದ ನಿಲುಗಡೆಗಳನ್ನು ಲೆಕ್ಕದಿಂದ ತೆಗೆಯುವುದು ರೂಢಿ.

ಕಡಲಹಕ್ಕಿ
ಚೀನಾದ ಮಕ್ಕಳಿಗೆಲ್ಲ ಕನ್ನಡಕ, ಅದು ಈ ಗಿಜಿಗಿಜಿ ಅಕ್ಷರದಿಂದಲೇ ಅಲ್ಲವಾ?

ನೇತ್ರದೀಪ
ಲಿಪಿಯ ಮೇಲೆ ಹೊರಿಸಬೇಡಿ. ಸಿಂಗಪುರದಲ್ಲಿ ಶಾಲೆಯ ಓದು ಇಂಗ್ಲಿಷಿನಲ್ಲಿ, ಅಲ್ಲೂ ಸಮೀಪದೃಷ್ಟಿ ವಿಪರೀತ. ಹೊತ್ತುಗಟ್ಟಲೆ ಹತ್ತಿರದ ಕೆಲಸ, ಹೊರಗಿನ ಬೆಳಕಿನ ಕೊರತೆ, ಮನೆತನ, ಇವು ಕಾರಣ. ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯವರಿಗೆ ದಿನಕ್ಕೆ 40 ನಿಮಿಷ ಹೊರಾಂಗಣ ಅವಧಿ ಸೇರಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಅಲ್ಲಿ 30.4%, ಸೇರಿಸದ ಶಾಲೆಗಳಲ್ಲಿ 39.5%. ತೈವಾನಿನಲ್ಲಿ 2010ರಿಂದ ದಿನಕ್ಕೆ 120 ನಿಮಿಷ ಹೊರಗೆ ಎಂಬ ಕಾರ್ಯಕ್ರಮವೇ ಇದೆ. ಇದು ನಮ್ಮೂರಿನ ಮಕ್ಕಳಿಗೂ ಬೇಕಾದ ಮಾತು.

ಶಾಸನಪ್ರಿಯ
ಇನ್ನೊಂದು ಕೇಳಬೇಕಿತ್ತು. ಮೇಲಿಂದ ಕೆಳಕ್ಕೆ ಬರೆದದ್ದನ್ನು ಓದುವಾಗಲೂ ಇದೇ ಲೆಕ್ಕವೇ?

ಕಿಟಕಿಗಣ್ಣು
ಚೌಕದ ಅಕ್ಷರವಾದ್ದರಿಂದ ಎರಡೂ ದಿಕ್ಕಿಗೆ ಒಗ್ಗುತ್ತದೆ, ಯಾವುದು ರೂಢಿಯೋ ಅದು ಸುಲಭ. ಪೀಪಲ್ಸ್ ಡೈಲಿ ಪತ್ರಿಕೆ ಅಡ್ಡಸಾಲಿಗೆ ತಿರುಗಿದ್ದು 1956ರ ಜನವರಿ 1ರಂದು. ತೈವಾನಿನ ಸರಕಾರಿ ಪತ್ರಗಳು ಅಡ್ಡಸಾಲಿಗೆ ಬಂದದ್ದು 2005ರಲ್ಲಿ.

ಗೆರೆಬರಹ
ಕೊನೆಯದಾಗಿ, ಕನ್ನಡದವರು ಚೀನಿ ಕಲಿಯಲು ಕೂತರೆ ಇದರಿಂದ ಏನು ತೆಗೆದುಕೊಳ್ಳಬಹುದು? ಮಿದುಳು ವಯಸ್ಸಾದ ಮೇಲೂ ಹೊಂದಿಕೊಳ್ಳುತ್ತದೆಯೇ?

ಮಿದುಳುಮನೆ
ಹೊಂದಿಕೊಳ್ಳುತ್ತದೆ. ಇಂಗ್ಲಿಷ್ ಮಾತೃಭಾಷೆಯ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ಚೀನಿ ಕಲಿತಾಗ ಬಲಬದಿಯ ಪಟ್ಟೆಯೂ ಎಡ ಹಣೆಯ ನಡು ಮಡಿಕೆಯೂ ದುಡಿಯಲು ಶುರು ಮಾಡಿದ್ದು ಸ್ಕ್ಯಾನಿನಲ್ಲಿ ಕಂಡಿದೆ (2007).

ಪೀಕಿಂಗ್‌ಮಲ್ಲಿಗೆ
ಕಲಿಯುವ ಬಗೆ ಹೇಳುತ್ತೇನೆ. ಒಂಟಿ ಅಕ್ಷರದ ಚೀಟಿ ಮಾಡಬೇಡಿ, ಎರಡಕ್ಷರದ ಪದದ ಚೀಟಿ ಮಾಡಿ. ಧ್ವನಿಭಾಗ ಒಂದೇ ಇರುವ ಅಕ್ಷರಗಳನ್ನು ಒಂದೇ ಹಾಳೆಯಲ್ಲಿ ಇಡಿ, ಛಿಂಗ್ ಮನೆತನ ಒಂದು ಹಾಳೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಅಕ್ಷರ ಬೇಡ, ಆ ಹತ್ತನ್ನು ಗೆರೆಯ ಕ್ರಮದಲ್ಲಿ ಕೈಯಾರೆ ಬರೆಯಿರಿ. ಪಿನ್‌ಯಿನ್ ಅನ್ನು ಅಕ್ಷರದ ಮೇಲೆ ಬರೆದರೆ ಕಣ್ಣು ಪರಿಚಿತ ರೋಮನ್ ಲಿಪಿಗೇ ಓಡುತ್ತದೆ, ಅದನ್ನು ಸಾಲಿನ ಕೆಳಗೆ ಬರೆದು ರಟ್ಟಿನಿಂದ ಮುಚ್ಚಿ. ಮೊದಲ ಓದಿನಲ್ಲಿ ಪೆನ್ಸಿಲಿನಿಂದ ಪದಗಳ ನಡುವೆ ಗೀಟು ಹಾಕಿ, ಮರುದಿನ ಗೀಟು ಅಳಿಸಿ ಅದೇ ಪುಟ ಓದಿ.

ತಪ್ಪುವುದು ಸಣ್ಣ ಗೆರೆಯಲ್ಲಿ. ಮರದಂಥ ಆಕಾರಕ್ಕೆ ಎರಡು ಅಡ್ಡಗೆರೆ: ಕೆಳಗಿನದು ಉದ್ದವಾದರೆ ವೆಯ್, "ಇನ್ನೂ ಇಲ್ಲ". ಮೇಲಿನದು ಉದ್ದವಾದರೆ ಮೊ, "ಕೊನೆ". ಮಣ್ಣಿನ ಅಕ್ಷರದಲ್ಲಿ ಕೆಳಗೆರೆ ಉದ್ದ, ವಿದ್ವಾಂಸನ ಅಕ್ಷರದಲ್ಲಿ ಮೇಲ್ಗೆರೆ ಉದ್ದ. ಕನ್ನಡದವರ ಕಣ್ಣು ಇದಕ್ಕೆ ಹೊಸದಲ್ಲ: ದ ಹೊಟ್ಟೆ ಸೀಳಿದರೆ ಧ, ಒಳಗೆ ಚುಕ್ಕಿ ಇಟ್ಟರೆ ಥ. ಇಂಥ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ. ಒಂದು ಗಟ್ಟಿಯಾದ ಮೇಲೆ, ವಾರ ಕಳೆದು ಇನ್ನೊಂದು.

ಕಡಲಹಕ್ಕಿ
ಫಾಂಟ್ ಯಾವುದು ಒಳ್ಳೆಯದು?

ಪೀಕಿಂಗ್‌ಮಲ್ಲಿಗೆ
ಮೊದಲು ಕಾಯ್‌ಥಿ, ಕೈಬರಹದ ತಿರುವು ಅದರಲ್ಲಿ ಕಾಣುತ್ತದೆ. ಚೀನಾದ ಕೆಳತರಗತಿಯ ಪಠ್ಯಪುಸ್ತಕಗಳೂ ಅದರಲ್ಲೇ ಇರುತ್ತವೆ. 18 ಪಾಯಿಂಟಿಗೆ ಇಟ್ಟು ಓದಿ. ಐನೂರು ಅಕ್ಷರ ಕೈಗೆ ಬಂದ ಮೇಲೆ ಪತ್ರಿಕೆ, ಪುಸ್ತಕಗಳ ಸೊಂಗ್‌ಥಿಗೆ ಬನ್ನಿ, ಗಾತ್ರವನ್ನು ನಿಧಾನವಾಗಿ 12ಕ್ಕೆ ಇಳಿಸಿ.